ಪಕ್ಕದ ಮನೆಯ ಕರುಳು

ಆ ದಿನ ಬೆಳಗ್ಗೆ ಎಂದಿನಂತೆ ಆರಕ್ಕೆ ಎದ್ದು, ಎಂದಿನಂತೆ ಲಂಗದ ಲಾಡಿ ಬಿಚ್ಚಿ, ಇನ್ನಷ್ಟು ಸಡಿಲ ಮಾಡಿ ಕಟ್ಟಿಕೊಂಡೆ. ಹಲ್ಲುಜ್ಜುವುದಕ್ಕೂ ಮೊದಲಿನ ಕೆಲಸ ಅದು. ತಾರೀಖು ನೋಡಲು ನಮ್ಮ ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆ, ಆದರೆ ನನಗೆ ಅದು ಬೇಕಾಗುವುದು ಕಡಿಮೆ. ಲಾಡಿ ಗಂಟು ಹಾಕಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ನೋಡಿ ಇದು ತಿಂಗಳ ಯಾವ ವಾರ ಎಂದು ಹೇಳಿಬಿಡುತ್ತೇನೆ. ಮುಟ್ಟು ಮುಗಿದ ಹೊಸದರಲ್ಲಿ ಗೇಣುದ್ದ ಲಾಡಿ ಉಳಿದು ಜೋತಾಡುತ್ತದೆ. ಹದಿನೈದು ದಿನ ಕಳೆದರೆ ನಾಲ್ಕು ಬೆರಳು. ಕೊನೆಯ ವಾರ ಎರಡೂ ತುದಿಗಳು ದೂರದೂರಿಗೆ ಮದುವೆಯಾಗಿ ಹೋದ ಅಕ್ಕತಂಗಿಯರ ಹಾಗೆ ಒಬ್ಬರನ್ನೊಬ್ಬರು ದೂರದಿಂದಲೇ ನೋಡಿ ಸುಮ್ಮನಾಗುತ್ತವೆ. ಈ ಸಲ ಮುಟ್ಟಾಗಿ ಎರಡೂವರೆ ತಿಂಗಳಾದರೂ ಅವು ಸೇರಿರಲಿಲ್ಲ. ಲಾಡಿಗೆ ಲಾಡಿ ಜೋಡಿಸಿ ಕಟ್ಟುವ ಕಾಲ ಬಂದಿತ್ತು.

ಎಸರಿಟ್ಟೆ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ನಮ್ಮವರು ಯಲಬುರ್ಗಾದ ತಾಲ್ಲೂಕು ಕಚೇರಿಯಲ್ಲಿದ್ದಾರೆ. ಕಚೇರಿ ಮನೆಯಿಂದ ಹತ್ತು ನಿಮಿಷದ ನಡಿಗೆ, ಆದರೂ ಮಧ್ಯಾಹ್ನದ ಊಟಕ್ಕೆ ಮನೆಗೆ ಬರದೆ ಡಬ್ಬಿಯನ್ನೇ ಒಯ್ಯುತ್ತಾರೆ. ಡಬ್ಬಿ ಬಿಚ್ಚಿ ನಾಲ್ಕು ಜನರ ಜೊತೆ ಪಲ್ಯ ಹಂಚಿಕೊಂಡು ತಿನ್ನದಿದ್ದರೆ ಅದು ಸರ್ಕಾರಿ ನೌಕರಿಯೇ ಅಲ್ಲ ಎಂಬುದು ಅವರ ನಂಬಿಕೆ. ಅವರ ಡಬ್ಬಿಯ ಮುಚ್ಚಳ ಸಿಗಲಿಲ್ಲ. ಹುಡುಕುತ್ತ ಕೆಳಗಿನ ಕಪಾಟಿನ ಬಾಗಿಲು ತೆಗೆದೆ. ಒಳಗೆ ಏಳು ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದೂ ನಮ್ಮದಲ್ಲ.

ನಮ್ಮ ಕಡೆ ಪಾತ್ರೆಗೆ ಹೆಸರು ಕೆತ್ತಿಸುವುದು ನಿಮಗೆ ಗೊತ್ತೇ ಇದೆ. ಮುಚ್ಚಳ ತಿರುಗಿಸಿ ನೋಡಿದರೆ ಓಣಿಯ ಮನೆಮನೆಯೂ ಅಲ್ಲಿತ್ತು. ಎದುರು ಮನೆ ನೀಲಕ್ಕನ ಮೂರು ಡಬ್ಬಿ. ಬಳೆ ಅಂಗಡಿಯ ಶಾಹೀನ್ ಆಪಾ ಅವರ ಎರಡು, ಉರ್ದು ಅಕ್ಷರದಲ್ಲಿ. ಉಳಿದವು ಆಚೆ ಸಾಲಿನವರದು. ಹದಿನೈದು ದಿನಗಳಿಂದ ಯಾರಾದರೊಬ್ಬರು ಬಂದು ಏನಾದರೂ ಕೊಟ್ಟು ಹೋಗುತ್ತಲೇ ಇದ್ದರು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಣ್ಣೆಗಾಯಿ, ಮಾದೇಲಿ, ಗಸಗಸೆ ಹಲ್ವಾ, ಹಸಿ ಹುಣಸೆಕಾಯಿ ತೊಕ್ಕು. ಯಾರೂ ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಬೇಕು, ಯಾಕೆ ಕೊಟ್ಟಿರಿ ಎಂದು ಕೇಳಬಾರದು ಎಂದು ಸಿಸ್ಟರ್‌ಗಳು ಕಲಿಸಿದ್ದಾರೆ. ನಿಜ ಹೇಳುತ್ತೇನೆ, ಒಳಗೊಳಗೇ ಹೆಮ್ಮೆಯಾಗಿತ್ತು. ಇಪ್ಪತ್ನಾಲ್ಕು ವರ್ಷ ಈ ಓಣಿಯಲ್ಲಿ ಮೆಲುದನಿಯಲ್ಲಿ ಮಾತಾಡಿಕೊಂಡು ಬಾಳಿದ್ದಕ್ಕೆ ಕೊನೆಗೂ ಜನ ನನ್ನ ಗುಣ ಗುರುತಿಸಿದ್ದಾರೆ ಎಂದುಕೊಂಡಿದ್ದೆ. ಗುರುತಿಸಿದ್ದನ್ನೆಲ್ಲ ತಿಂದೂ ಇದ್ದೆ. ಬಿಡಬಾರದಲ್ಲ, ಬೇಜಾರಾಗುತ್ತಾರೆ.

ತಿಂದಷ್ಟೂ ಹೊಟ್ಟೆ ಉಬ್ಬುತ್ತಿತ್ತು. ಉಬ್ಬಿದಷ್ಟೂ ಡಬ್ಬಿ ಬರುತ್ತಿದ್ದವು. ಇವೆರಡರ ನಡುವೆ ಸಂಬಂಧ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಓಣಿ ದಾಟಿ ನೀಲಕ್ಕ ಎಂಟನೆಯ ಡಬ್ಬಿ ಹಿಡಿದು ಒಳಗೆ ಬಂದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಎತ್ತರದ ದನಿ, ಅಗಲವಾದ ಸೆರಗು. ನಾನು ಕಪಾಟಿನ ಮುಂದೆ ಬಗ್ಗಿದ್ದನ್ನು ನೋಡಿ ಕೂಗಿಕೊಂಡರು.

“ಶೈಲವ್ವಾ! ಬಗ್ಗಬ್ಯಾಡವಾ, ಬಗ್ಗಬ್ಯಾಡ! ಏನ ಬೇಕು ಹೇಳು, ನಾ ತಗದು ಕೊಡ್ತೀನಿ.”

“ಯಾಕ್ರಿ ನೀಲಕ್ಕ, ನನಗೇನಾಗೇತಿ?”

“ಆಗಬಾರದು ಅಂತನ ಹೇಳೋದು.” ಡಬ್ಬಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. “ಬದನಿಕಾಯಿ ಭಜಿ. ಬಿಸಿ ಅದಾವ, ತಿನ್ನು. ಏನ ಬಯಕಿ ಆದ್ರೂ ಬಾಯಿಬಿಟ್ಟು ಹೇಳು. ಮನಸಿನ್ಯಾಗ ಇಟಗೊಂಡ್ರ ಕೂಸಿನ ಕಿವಿ ಸೋರ್ತೈತಿ.”

“ಯಾರ ಕೂಸ್ರಿ?”

“ನೋಡು, ಹೆಂಗ ಕೇಳ್ತಾಳ ಏನೂ ಗೊತ್ತಿಲ್ಲದಾಕಿ! ನೀನ ಅಲ್ಲೇನು ನನ್ನ ಡಬ್ಬ್ಯಾಗ ಸಕ್ರಿ ತುಂಬಿ ಕಳಿಸಿದಾಕಿ? ಅವತ್ತ ತಿಳೀತು ನನಗ. ನಿನ್ನ ಮುಖಾನೂ ನೋಡಿದೆ, ಹೊಟ್ಟೀನೂ ನೋಡಿದೆ. ಹೆದರಬ್ಯಾಡ, ನಾ ಯಾರಿಗೂ ಹೇಳಿಲ್ಲ. ಮೂರು ತಿಂಗಳ ತುಂಬೋತನಕ ಬಾಯಿ ಬಿಡಬಾರದು, ದೃಷ್ಟಿ ಆಗ್ತೈತಿ. ಆಪಾಗ ಒಬ್ಬಾಕಿಗೆ ಹೇಳೀನಿ. ಆಕಿನೂ ಯಾರಿಗೂ ಹೇಳಂಗಿಲ್ಲ.”

ನಾನು ಕಪಾಟಿನೊಳಗಿನ ಏಳು ಡಬ್ಬಿಗಳನ್ನು ನೋಡಿದೆ. ಆಪಾ ಎಷ್ಟು ಜನರಿಗೆ ಹೇಳಿಲ್ಲ ಎಂಬುದು ಅಲ್ಲಿ ಸಾಲಾಗಿ ಕಾಣುತ್ತಿತ್ತು.

ಸಕ್ಕರೆಯ ವಿಷಯ ಹೀಗೆ. ಮೂರು ವಾರದ ಹಿಂದೆ ನೀಲಕ್ಕ ಸುಮ್ಮನೆ, ಉಳಿದಿತ್ತೆಂದು, ಒಂದು ಡಬ್ಬಿ ಪುಂಡಿಪಲ್ಯ ಕೊಟ್ಟಿದ್ದರು. ಬಂದ ಡಬ್ಬಿಯನ್ನು ಖಾಲಿ ಕಳಿಸುವಂತಿಲ್ಲ. ಅವತ್ತು ನನಗೆ ಹೊಟ್ಟೆ ಉಬ್ಬರಿಸಿ ಏನೂ ಮಾಡಲಾಗಿರಲಿಲ್ಲ. ಕೈಗೆ ಸಿಕ್ಕಿದ್ದು ಸಕ್ಕರೆ. ಎರಡು ಹಿಡಿ ಹಾಕಿ ಕೊಟ್ಟೆ. ಕೊಡುವಾಗ ಒಳಗೆ ಹಿಂಡಿದಂತಾಗಿ ಸೊಂಟಕ್ಕೆ ಕೈ ಇಟ್ಟುಕೊಂಡು ಕಣ್ಣು ಕೆಳಗೆ ಮಾಡಿದ್ದೂ ಹೌದು. ನಮ್ಮ ಕಡೆ ಮನೆಯಲ್ಲಿ ಸಿಹಿಸುದ್ದಿ ಇದ್ದರೆ ಸಕ್ಕರೆ ಹಂಚುತ್ತಾರೆ. ಹೊಟ್ಟೆ ಬಂದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಡಬ್ಬಿಯಲ್ಲಿ ಸಕ್ಕರೆ ಕೊಟ್ಟರೆ ಇನ್ನೇನು ತಿಳಿಯಬೇಕು? ನೀಲಕ್ಕನ ಜಾಗದಲ್ಲಿದ್ದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ. ಸುದ್ದಿಯನ್ನು ಊರಿಗೆ ಹೇಳಿದವಳು ನಾನೇ. ನನಗೊಬ್ಬಳಿಗೆ ಹೇಳಿಕೊಂಡಿರಲಿಲ್ಲ ಅಷ್ಟೇ.

ನೀಲಕ್ಕ ಹೋದ ಮೇಲೆ ನಗು ಬಂತು. ಅರ್ಧ ನಕ್ಕು ನಿಲ್ಲಿಸಿದೆ. ಬೆರಳು ಮಡಚಿ ಎಣಿಸಿದೆ. ಎರಡೂವರೆ ತಿಂಗಳಾಗಿತ್ತಲ್ಲ. ನನಗೆ ನಲವತ್ತಾರು. ಮುಂದಿನ ತಿಂಗಳು ಮಗಳು ದೀಪಾಳ ನಿಶ್ಚಯ. ಗಂಡಿನವರು ಹನುಮಸಾಗರದಿಂದ ಬರುವವರಿದ್ದಾರೆ. ಆ ಮನೆಯ ಹಿರಿಯರು ಭಾಳ ಶಿಸ್ತಿನವರು. ನಾನು ಆರತಿ ಹಿಡಿದು ಎದುರು ನಿಂತಾಗ ಅವರ ಕಣ್ಣು ಆರತಿಯ ಕೆಳಗೆ ಎಲ್ಲಿ ಹೋಗುತ್ತದೆ ಎಂದು ಯೋಚಿಸಿದೆ. ಒಲೆಯ ಮೇಲಿದ್ದ ರೊಟ್ಟಿ ಕರಿಯಾಯಿತು.

ನಮ್ಮವರು ಕನ್ನಡಿ ಮುಂದೆ ಮುಖಕ್ಕೆ ನೊರೆ ಬಳಿದುಕೊಂಡು ನಿಂತಿದ್ದರು. ಹೋಗಿ ಹೇಳಿದೆ.

“ಯಾವಾಗ?” ಅಂದರು.

“ಏನ ಯಾವಾಗ?”

ನೊರೆಯೊಳಗಿನಿಂದ ನನ್ನನ್ನೇ ನೋಡಿದರು. “ಇವತ್ತು ಆಫೀಸಿನ್ಯಾಗ ಮೀಟಿಂಗ್ ಐತಿ,” ಅಂದರು, ಮೀಟಿಂಗ್ ಇದ್ದರೆ ಇಂಥದ್ದೆಲ್ಲ ಆಗುವ ಹಾಗಿಲ್ಲ ಎಂಬ ಧಾಟಿಯಲ್ಲಿ. ಆಮೇಲೆ ಒಂದೇ ಕೆನ್ನೆ ಬೋಳಿಸಿಕೊಂಡು ಅಂಗಿ ಹಾಕಿಕೊಂಡರು. ಬಾಗಿಲ ತನಕ ಹೋದವರನ್ನು ನಾನೇ ಕರೆದು ಇನ್ನೊಂದು ಕೆನ್ನೆ ತೋರಿಸಬೇಕಾಯಿತು.

ದೀಪಾಳಿಗೆ ಚಿಕ್ಕಂದಿನಿಂದ ನನ್ನನ್ನು ಮಮ್ಮಿ ಎನ್ನಲು ಕಲಿಸಿದ್ದೇನೆ. ಕಾನ್ವೆಂಟಿನ ಹುಚ್ಚು. ಅವತ್ತು ಸುದ್ದಿ ಹೇಳಿದಾಗ ಅವಳ ಬಾಯಿಂದ ಮೊದಲು ಬಂದದ್ದು, “ಯವ್ವಾ!”

“ಮೆಲ್ಲಕ ಮಾತಾಡು.”

“ಏನ ಮೆಲ್ಲಕ? ನನ್ನ ನಿಶ್ಚಯದ ದಿನಾನ ನಿನಗೂ ಕುಬಸ ಮಾಡ್ತಾರೇನು? ಒಂದ ಪೆಂಡಾಲಿನ್ಯಾಗ ಇಬ್ಬರನ್ನೂ ಕುಂದರಿಸಿ ಉಡಿ ತುಂಬಿಬಿಡ್ರಿ. ಫೋಟೋದಾವ್ರಿಗೂ ಅನುಕೂಲ ಆಗ್ತೈತಿ.” ಅಷ್ಟು ಹೇಳಿ ಅತ್ತಳು. ಆಮೇಲೆ ನನ್ನ ಹೊಟ್ಟೆ ನೋಡಿ ನಕ್ಕಳು. ಆಮೇಲೆ, “ನಡಿ, ಕೊಪ್ಪಳಕ್ಕ ಹೋಗೂಣು. ಡಾಕ್ಟರ್ ಹತ್ರ ಇವತ್ತ ತಿಳಕೊಂಡ ಬರೂಣು,” ಎಂದು ಚಪ್ಪಲಿ ಹಾಕಿಕೊಂಡಳು.

ಸೀರೆ ಉಡುತ್ತ ನನ್ನ ಹೊಟ್ಟೆಯ ಇತಿಹಾಸವೆಲ್ಲ ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಗಂಗಾವತಿಯಲ್ಲಿ. ಕಾಲುವೆ ನೀರು, ಬತ್ತದ ಗದ್ದೆ, ಮೂರು ಹೊತ್ತೂ ಅನ್ನ. ಮದುವೆಯಾಗಿ ಬಂದದ್ದು ಈ ಎರೆಮಣ್ಣಿನ ಊರಿಗೆ, ಮೂರು ಹೊತ್ತೂ ಜೋಳದ ರೊಟ್ಟಿ. ಮದುವೆಯಾದ ಮೊದಲ ತಿಂಗಳೇ ಹೊಟ್ಟೆ ಉಬ್ಬಿ ನಾಲ್ಕು ದಿನ ಪಾಯಿಖಾನೆಯ ಬಾಗಿಲನ್ನು ಸುಮ್ಮನೆ ನೋಡಿಕೊಂಡು ಬಂದೆ. ನಮ್ಮ ಅತ್ತೆ, ಈಗ ಅವರಿಲ್ಲ, ನನ್ನ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಅಕ್ಕಿ ಹೊಟ್ಟಿ ಇದು. ರೊಟ್ಟಿ ಹೆಂಗ ತಡೀತೈತಿ?” ಎಂದಿದ್ದರು. ತವರಿಗೆ ಹೋದಾಗ ನಮ್ಮವ್ವ ಅದೇ ಹೊಟ್ಟೆಯನ್ನು ಅದೇ ರೀತಿ ತಟ್ಟಿ, “ಆ ರೊಟ್ಟಿ ತಿನ್ನಿಸಿ ಕೂಸಿನ ಹೊಟ್ಟಿ ಕಲ್ಲ ಮಾಡ್ಯಾರ,” ಎಂದು ಕಣ್ಣೀರು ಹಾಕಿದರು. ಮುಂದಿನ ಎಷ್ಟೋ ವರ್ಷ ಗಂಗಾವತಿಗೂ ಯಲಬುರ್ಗಾಕ್ಕೂ ನನ್ನ ಹೊಟ್ಟೆಯ ಮೇಲೆ ಜಗಳ ನಡೆಯಿತು. ಅವ್ವ ಅನ್ನ ತಿನ್ನಿಸಿ ಗೆಲ್ಲಲು ನೋಡಿದರು. ಅತ್ತೆ ಓಂಕಾಳು ಕುದಿಸಿ ಗೆಲ್ಲಲು ನೋಡಿದರು. ತಿಂಗಳಿಗೊಮ್ಮೆ ಸರಿಯಾಗಿ ಅದೇ ವಾರ ಉಬ್ಬಿ, ಮುಟ್ಟಾದ ದಿನ ಇಳಿದು, ಅವತ್ತೇ ನಾಲ್ಕು ಸಲ ಓಡಾಡಿಸಿ, ಮತ್ತೆ ಶಾಂತವಾಗುತ್ತಿದ್ದ ಹೊಟ್ಟೆ ಅದು. ಓಂಕಾಳು ಕುಡಿದ ಮರುದಿನ ಕಾಕತಾಳೀಯವಾಗಿ ಮುಟ್ಟಾದರೆ ಅತ್ತೆಗೆ ಜಯ. ತವರಿನಲ್ಲಿ ಮುಟ್ಟಾದರೆ ಅವ್ವನಿಗೆ ಜಯ. ತಾರೀಖು ಹಾಕಿ ನೋಡಿದವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ.

ನನ್ನ ಮಟ್ಟಿಗೆ ತಪ್ಪು ಸಿಸ್ಟರ್ ಫಿಲೋಮಿನಾ ಅವರದೂ ಇದೆ. ನಮಗೆ ವಿಜ್ಞಾನ ಹೇಳುತ್ತಿದ್ದವರು ಅವರೇ. ಬೆಳ್ಳಗಿನ ಗೌನು, ಬಾಯಿ ತುಂಬ ಪುಸ್ತಕದ ಕನ್ನಡ. ಜೀರ್ಣಾಂಗದ ಪಾಠವನ್ನು ಎರಡು ವಾರ ಹೇಳಿದರು. ಕರುಳಿನ ಚಿತ್ರಕ್ಕೆ ನಾನು ಹಳದಿ, ಗುಲಾಬಿ ಬಣ್ಣ ತುಂಬಿ ಹತ್ತಕ್ಕೆ ಹತ್ತು ತೆಗೆದುಕೊಂಡೆ. ಮುಂದಿನ ಪಾಠ ಸಂತಾನೋತ್ಪತ್ತಿ. ಅಂದು ಸಿಸ್ಟರ್ ಒಳಗೆ ಬರುವಾಗ ಕೈಯಲ್ಲಿ ಸ್ಟೇಪ್ಲರ್ ಇತ್ತು. ಮೊದಲ ಬೆಂಚಿನಿಂದ ಕೊನೆಯ ಬೆಂಚಿನ ತನಕ ಅದು ಕೈಯಿಂದ ಕೈಗೆ ಹೋಯಿತು. “ಮಕ್ಕಳೇ, ಈ ಹನ್ನೊಂದು ಪುಟಗಳನ್ನು ಮನೆಯಲ್ಲಿ ಓದಿಕೊಳ್ಳತಕ್ಕದ್ದು. ಈಗ ಪಿನ್ ಹಾಕಿರಿ.” ನಾವು ನಲವತ್ತು ಹುಡುಗಿಯರು ಟಕ್ ಟಕ್ ಎಂದು ಪಿನ್ ಹಾಕಿದೆವು. ನಾನು ಎಷ್ಟು ವಿಧೇಯಳೆಂದರೆ ವರ್ಷ ಮುಗಿದ ಮೇಲೆ ಕೆಳಗಿನ ತರಗತಿಯ ಹುಡುಗಿಗೆ ಪುಸ್ತಕ ಕೊಡುವಾಗಲೂ ಪಿನ್ ಹಾಗೆಯೇ ಇತ್ತು. ಹೀಗಾಗಿ ನನ್ನ ತಲೆಯಲ್ಲಿ ಹೊಟ್ಟೆ ಒಂದು ಪಾಠ, ಗರ್ಭಕೋಶ ಇನ್ನೊಂದು ಪಾಠ. ಒಂದರ ಪುಟದಿಂದ ಇನ್ನೊಂದರ ಪುಟಕ್ಕೆ ಏನಾದರೂ ಸೋರಿ ಹೋಗಬಹುದು ಎಂದು ಯಾರು ನೆನೆಸುತ್ತಾರೆ?

ಅದೇ ವರ್ಷ ನಮ್ಮನ್ನು ಇಟಗಿಯ ಗುಡಿ ನೋಡಲು ಕರೆದುಕೊಂಡು ಹೋಗಿದ್ದರು. ಮೂರು ದಿನ ಮೊದಲಿನಿಂದ ನನ್ನ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಬಸ್ಸಿನಿಂದ ಇಳಿಯುವ ಹೊತ್ತಿಗೆ ಮುಟ್ಟೂ ಆಯಿತು, ಹೊಟ್ಟೆಯೂ ಬಿಚ್ಚಿಕೊಂಡಿತು. ಉಳಿದ ಹುಡುಗಿಯರು ಕಂಬದ ಕೆತ್ತನೆ ನೋಡುವಾಗ ನಾನು ಒಂದು ಜಾಲಿ ಗಿಡದ ಮರೆಯಲ್ಲಿದ್ದೆ. ಸಿಸ್ಟರ್ ಫಿಲೋಮಿನಾ ಬೆನ್ನು ತಿರುಗಿಸಿ ನಿಂತು, ಕೊಡೆ ಅಡ್ಡ ಹಿಡಿದು, ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದರು. ಮೂರನೆಯ ಸಲ ಬಂದಾಗ, “ಇದು ಚಿತ್ರಾನ್ನದ ಪರಿಣಾಮ, ಮಗು,” ಎಂದರು. ಪಾಪ, ಅಂಥ ಒಳ್ಳೆಯ ಚಿತ್ರಾನ್ನ. ಅಂದಿನಿಂದ ಹತ್ತು ವರ್ಷ ನಾನು ಅದನ್ನು ಮುಟ್ಟಲಿಲ್ಲ. ಇಟಗಿಯ ಗುಡಿಯನ್ನು ಯಾರಾದರೂ ಹೊಗಳಿದರೆ ಇಂದಿಗೂ ಹೌದೌದು ಅನ್ನುತ್ತೇನೆ. ನಾನು ಕಂಡದ್ದು ಅದರ ಹಿಂಬದಿಯ ಜಾಲಿ ಮಾತ್ರ.

ಬಸ್‌ಸ್ಟ್ಯಾಂಡಿಗೆ ಬಂದೆವು. ಬಳೆ ತರಲು ಕೊಪ್ಪಳಕ್ಕೆ ಹೊರಟಿದ್ದ ಶಾಹೀನ್ ಆಪಾ ಅದೇ ಬಸ್ಸಿನಲ್ಲಿದ್ದರು. ನಾನು ಹಿಂದಿನ ಸೀಟಿನತ್ತ ಹೋಗುವುದನ್ನು ಕಂಡು ಎದ್ದು ನಿಂತರು.

“ಅರೆ ಶೈಲಾಬಾಯಿ, ಹಿಂದ ಬ್ಯಾಡ್ರಿ! ಗಾಲಿ ಮ್ಯಾಲ ಜಂಪ್ ಭಾಳ. ಕಂಡಕ್ಟರ್ ಭಾಯ್, ಇವರಿಗೆ ಮುಂದ ಸೀಟ್ ಮಾಡಿ ಕೊಡ್ರಿ. ಹಾಲತ್ ಹಂಗ ಐತಿ.”

ಕಂಡಕ್ಟರ್ ನನ್ನ ಮುಖ ನೋಡಿದ, ಕೂದಲಿನ ಬಿಳುಪು ನೋಡಿದ, ಹೊಟ್ಟೆ ನೋಡಿದ. ಆಮೇಲೆ ಬಹಳ ಗೌರವದಿಂದ ಮುಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದ ಒಬ್ಬ ದೊಡ್ಡ ಮನುಷ್ಯರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ. ದೀಪಾ ನನ್ನ ಮಗಳೇ ಅಲ್ಲ ಎಂಬಂತೆ ಹಿಂದೆ ಹೋಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಪಕ್ಕದಲ್ಲಿ ಒಬ್ಬ ಮುದುಕಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಊರು ದಾಟುವವರೆಗೂ ನನ್ನನ್ನೇ ನೋಡಿ ಕೇಳಿದಳು, “ಚೊಚ್ಚಲೇನವಾ?”

“ಅಲ್ರೀ, ಎರಡನೇದು,” ಎಂದುಬಿಟ್ಟೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಒಮ್ಮೆ ಬಂದ ಮೇಲೆ ತಡೆಯುವವರು ಇರಲಿಲ್ಲ. ಕಿಟಕಿಯಾಚೆ ಕಡಲೆ ಹೊಲಗಳು ಹಿಂದೆ ಹೋಗುತ್ತಿದ್ದವು. ಕುಕನೂರು ಬರುವ ಹೊತ್ತಿಗೆ ಕೂಸಿಗೆ ಹೆಸರಿಟ್ಟಿದ್ದೆ. ಮುಂದೆ ಹಲ್ಲು ಬಂತು, ನಡೆಯಲು ಕಲಿಯಿತು. ಕೊಪ್ಪಳದ ರೈಲ್ವೆ ಗೇಟಿನ ಹತ್ತಿರ ಬಸ್ಸು ನಿಂತಾಗ ಅದನ್ನು ಒಂದನೆಯ ತರಗತಿಗೆ ಸೇರಿಸಿ, ಪೇರೆಂಟ್ಸ್ ಮೀಟಿಂಗಿನಲ್ಲಿ “ಅಜ್ಜಿ ಬಂದ್ರೇನು, ತಾಯಿ ಬರ್ಲಿಲ್ಲೇನು?” ಎಂದ ಟೀಚರಮ್ಮನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದೆ. ಬೆಳಗ್ಗೆ ಹನುಮಸಾಗರದವರಿಗೆ ಹೆದರಿದ್ದ ಹೆಂಗಸು ಈಕೆಯೇ ಏನು ಎಂದು ನನಗೇ ಅನುಮಾನ ಬಂತು.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಆ ಹತ್ತು ನಿಮಿಷ ದೀಪಾ ನನ್ನ ಕೈ ಹಿಡಿದುಕೊಂಡಿದ್ದಳು. ಚಿಕ್ಕವಳಿದ್ದಾಗ ಇಂಜೆಕ್ಷನ್ನಿಗೆ ನಾನು ಹಾಗೆ ಹಿಡಿಯುತ್ತಿದ್ದೆ.

“ಏನೂ ಇಲ್ರಿ,” ಅಂದರು ಡಾಕ್ಟರಮ್ಮ. “ನೀವು ಬಸುರಿ ಅಲ್ಲ.”

ದೀಪಾಳ ಉಸಿರು ಬಸ್ಸಿನ ಬ್ರೇಕಿನ ಹಾಗೆ ಬುಸ್ಸೆಂದಿತು. ನನಗೂ ಸಮಾಧಾನವಾಯಿತು, ಸುಳ್ಳೇಕೆ. ಆದರೆ ಅದರ ಹಿಂದೆಯೇ ಒಂದು ಚೂರು ಬೇಜಾರೂ ಬಂತು. ಒಂದನೆಯ ತರಗತಿಯ ತನಕ ಬೆಳೆಸಿದ್ದೆನಲ್ಲ.

ಆಮೇಲೆ ಸ್ಕ್ಯಾನಿಂಗ್ ಮಾಡಿಸಿದರು. “ಈ ವಯಸ್ಸಿನ್ಯಾಗ ಉಬ್ಬರ ಇಷ್ಟು ದಿನ ಬಿಡದಂಗ ಇತ್ತಂದ್ರ, ಗ್ಯಾಸ್ ಅಂತ ನಾವ ತೀರ್ಮಾನ ಮಾಡಿ ಸುಮ್ನ ಕುಂದರಬಾರದ್ರಿ. ಒಮ್ಮೆ ನೋಡಬೇಕು.” ನೋಡಿದರು. ಚಿಂತೆ ಮಾಡುವಂಥದ್ದು ಏನೂ ಇರಲಿಲ್ಲ. ಗಾಳಿ ಮಾತ್ರ ಧಾರಾಳವಾಗಿತ್ತು.

“ಹಂಗಾರ ಯಾಕ್ರಿ ಹಿಂಗ?” ಎಂದೆ. ಅಕ್ಕಿ, ಜೋಳ, ಚಿತ್ರಾನ್ನ ಎಲ್ಲವನ್ನೂ ಹೇಳಿದೆ. ಲಾಡಿಯ ಲೆಕ್ಕವನ್ನೂ ಹೇಳಿದೆ. ಲಾಡಿಯ ಮಾತು ಬಂದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಇದನ್ನ ಮೊದಲ ಹೇಳಬೇಕಲ್ರಿ! ನೋಡ್ರಿ, ಗರ್ಭಕೋಶ ಮತ್ತ ಕರುಳು ಬಾಜೂಬಾಜೂ ಮನಿಯಾವು. ಮುಟ್ಟಾಗೂಕಿಂತ ಮೊದಲಿನ ಹದಿನೈದು ದಿನ ಪ್ರೊಜೆಸ್ಟರಾನ್ ಅಂತ ಒಂದು ಹಾರ್ಮೋನ್ ಜಾಸ್ತಿ ಇರ್ತೈತಿ. ಅದು ಗರ್ಭಕೋಶಕ್ಕ ಹೇಳ್ತೈತಿ, ಕೂಸು ಬಂದರೂ ಬರಬಹುದು, ಅಲುಗಾಡಬ್ಯಾಡ, ಸುಮ್ನ ಕುಂದರು. ಆದ್ರ ಬಾಜೂಮನಿ ಕರುಳಿಗೂ ಅದು ಕೇಳಸ್ತೈತಿ. ಅದೂ ಅಂಥಾದ್ದ ಸ್ನಾಯು. ನನಗ ಹೇಳ್ಯಾರ ಅಂತ ತಿಳಕೊಂಡು ತಾನೂ ಕೆಲಸ ನಿಧಾನ ಮಾಡಿ ಕುಂದರ್ತೈತಿ. ಮಲ ಮುಂದ ಹೋಗೂದಿಲ್ಲ, ಗಾಳಿ ತುಂಬ್ತೈತಿ.”

“ಮುಟ್ಟಾದ ದಿನ?”

“ಅವತ್ತು ಬ್ಯಾರೆ ರಾಸಾಯನಿಕ ಬಂದು ಗರ್ಭಕೋಶಕ್ಕ ಹೇಳ್ತಾವು, ಹಿಂಡು, ಹೊರಗ ಹಾಕು ಅಂತ. ಬಾಜೂದಾಕಿಗೂ ಕೇಳಸ್ತೈತಿ. ಆಕಿನೂ ಎದ್ದು ಹಿಂಡಾಕ ಹತ್ತತಾಳ. ಅದಕ ಅವತ್ತ ಜುಲಾಬು. ಎಲ್ಲಾರಿಗೂ ಒಂದ ನಮೂನಿ ಆಗೂದಿಲ್ಲ. ನಿಮ್ಮಂಗ ಕರುಳು ಸೂಕ್ಷ್ಮ ಇದ್ದವ್ರಿಗೆ ಭಾಳ ಗೊತ್ತಾಗ್ತೈತಿ.”

“ಮತ್ತ ಈ ಎರಡೂವರಿ ತಿಂಗಳು?”

“ಮುಟ್ಟು ನಿಲ್ಲೋ ಕಾಲ ಹತ್ರ ಬಂದೈತ್ರಿ. ಹಾರ್ಮೋನುಗಳು ಒಂದಿನ ಏರ್ತಾವು, ಒಂದಿನ ಇಳೀತಾವು, ಮುಟ್ಟು ತಪ್ಪತೈತಿ. ಏನ ಹೇಳ್ಯಾರ ಅಂತ ಕರುಳಿಗೆ ಸರಿ ತಿಳಿಯೂದಿಲ್ಲ. ಅರ್ಧಮರ್ಧ ಕೇಳಿಸ್ಕೊಂಡು ತನಗ ತಿಳಿದಂಗ ಮಾಡ್ತೈತಿ.”

ಇಷ್ಟು ಚೆನ್ನಾಗಿ ನಮ್ಮ ಓಣಿಯ ಪರಿಚಯ ಇವರಿಗೆ ಹೇಗಾಯಿತು ಎಂದು ನನಗೆ ಆಶ್ಚರ್ಯವಾಯಿತು.

“ಇತ್ತೀಚಿಗೆ ಊಟ ಏನ ಮಾಡೀರಿ? ಹದಿನೈದು ದಿನದ್ದು ಹೇಳ್ರಿ.”

ಹೇಳಿದೆ. ಹೋಳಿಗೆಯಿಂದ ಶುರು ಮಾಡಿ ಬೆಳಗಿನ ಬದನೆಕಾಯಿ ಭಜಿ ತನಕ. ಡಾಕ್ಟರಮ್ಮ ಬರೆದರು, ಬರೆದರು, ಹಾಳೆ ತಿರುವಿ ಮತ್ತೆ ಬರೆದರು. “ಮನ್ಯಾಗ ಯಾರದರ ಮದಿವಿ ಇತ್ತೇನ್ರಿ?”

“ಇಲ್ರಿ ಡಾಕ್ಟರ್,” ಎಂದಳು ದೀಪಾ. “ಮಮ್ಮಿಗೆ ಬಯಕಿ ಊಟ ಬರ್ತಿತ್ತು.”

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದ ಹಾಗೆ ಮಾಡಿ, ನೀರು ಕುಡಿದು, ಸೌಮ್ಯವಾದ ಒಂದು ಔಷಧಿ ಬರೆದುಕೊಟ್ಟರು. ಕರಿದದ್ದು ಬಿಡಿ, ಸ್ವಲ್ಪ ಸ್ವಲ್ಪವೇ ಊಟ ಮಾಡಿ, ನೀರು ಕುಡಿಯಿರಿ, ಸಂಜೆ ನಡೆಯಿರಿ, ಮುಟ್ಟು ಯಾವಾಗ, ಹೊಟ್ಟೆ ಹೇಗೆ ಎಂದು ಮೂರು ತಿಂಗಳು ಬರೆದಿಡಿ ಎಂದರು. ನಡುವೆ ರಕ್ತ ಕಂಡರೆ, ತೂಕ ಇಳಿದರೆ ತಕ್ಷಣ ಬರಬೇಕು ಎಂದೂ ಹೇಳಿದರು. “ರೊಟ್ಟಿ?” ಎಂದು ಕೇಳಿದೆ. “ಧಾರಾಳ ತಿನ್ರಿ.” “ಅನ್ನ?” “ಅದೂ ತಿನ್ರಿ.” ಗಂಗಾವತಿ, ಯಲಬುರ್ಗಾ ಎರಡೂ ಒಂದೇ ಏಟಿಗೆ ಗೆದ್ದುಬಿಟ್ಟವು. ಕೇಳಿ ಖುಷಿಪಡಲು ಅತ್ತೆಯೂ ಇಲ್ಲ, ಅವ್ವನೂ ಇಲ್ಲ.

ಹಿಂತಿರುಗುವಾಗ ದೀಪಾ ನನ್ನ ಪಕ್ಕದಲ್ಲೇ ಕೂತಳು. ಸ್ವಲ್ಪ ದೂರ ಬಂದ ಮೇಲೆ, “ಹೆಸರು ಏನಿಟ್ಟಿದ್ದಿ?” ಎಂದು ಮೆಲ್ಲಗೆ ಕೇಳಿದಳು.

“ಯಾರಿಗೆ?”

“ಸುಮ್ನಿರು ಮಮ್ಮಿ. ಹೋಗುವಾಗ ಕಿಟಕ್ಯಾಗ ನೋಡಿ ನಗಾಕ ಹತ್ತಿದ್ದಿ, ನಾ ಹಿಂದಿಂದ ನೋಡೀನಿ.”

ಹೇಳಲಿಲ್ಲ. ಹೆಸರು ಚೆನ್ನಾಗಿದೆ, ಅವಳಿಗೇ ಮುಂದೆ ಬೇಕಾಗಬಹುದು. ನಮ್ಮವರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. “ಮೀಟಿಂಗ್ ಛಲೋ ಆತು,” ಅಂದರು.

ಇನ್ನು ಉಳಿದದ್ದು ನೀಲಕ್ಕ. ಸಂಜೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡವರೇ ಮಣೆ ಸರಿಸಿ, ಗೋಡೆಗೆ ದಿಂಬು ಕೊಡಲು ಎದ್ದರು. ಕೂರಿಸಿ, ಎಲ್ಲ ಹೇಳಿದೆ. ಕೂಸಿಲ್ಲ, ಸಕ್ಕರೆ ಬರೀ ಸಕ್ಕರೆ, ಹಾರ್ಮೋನು ಗರ್ಭಕೋಶಕ್ಕೆ ಹೇಳಿದ್ದನ್ನು ಕರುಳು ಕೇಳಿಸಿಕೊಳ್ಳುತ್ತದೆ, ವಯಸ್ಸಿಗೆ ಹೀಗಾಗುತ್ತದೆ, ಎಲ್ಲ. ಇಷ್ಟು ದಿನ ಅಷ್ಟು ಕಷ್ಟಪಟ್ಟು ಮಾಡಿಕೊಟ್ಟವರು ಬೇಜಾರಾಗುತ್ತಾರೇನೋ ಎಂದು ಅವರ ಮುಖವನ್ನೇ ನೋಡಿದೆ. ನೀಲಕ್ಕ ಕಾಯಿ ಸುಲಿಯುತ್ತ ಹೋದರು.

“ಬೇಜಾರಾತೇನ್ರಿ ನೀಲಕ್ಕ?”

“ನನಗ್ಯಾಕ ಬೇಜಾರು? ಓಣ್ಯಾಗ ಒಂದ ಕೂಸಿನ ಅಳು ಕೇಳಿ ಭಾಳ ದಿನ ಆಗಿತ್ತು, ಅಷ್ಟ.”

“ಈಗ ಎಲ್ಲಾರಿಗೂ ಹೆಂಗ ಹೇಳೋದ್ರಿ? ಹನುಮಸಾಗರದ ತನಕ ಸುದ್ದಿ ಹೋದ್ರ?”

“ಅದರ ಚಿಂತಿ ಬಿಡು. ಆಪಾಗ ಈಗ ಹೋಗಿ ಹೇಳ್ತೀನಿ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿ ಹೇಳ್ತೀನಿ. ಬೆಳಗಾಗೂದ್ರಾಗ ಎಲ್ಲಾರಿಗೂ ಗೊತ್ತಾಗಿರ್ತೈತಿ.” ಕೈಯೊಳಗಿನ ಕಾಯಿ ಹಾಗೇ ಹಿಡಿದು ಸ್ವಲ್ಪ ಯೋಚಿಸಿದರು. “ಅಲ್ಲವಾ ಶೈಲಾ, ಆ ಹಾರ್ಮೋನು ಅಂದೆಲ್ಲ. ಅದಕ ಹೊಟ್ಟಿ ಹಿಂಗ ಡುಬ್ಬ ಆಗೂದೇನು? ತಿಂದ್ರೂ ಉಬ್ಬತೈತಿ, ತಿನ್ನದಿದ್ರೂ ಉಬ್ಬತೈತಿ, ಹಂಗ?”

“ಹೂಂ ರಿ.”

ನೀಲಕ್ಕ ಎದ್ದರು. ಉಡಿಯೊಳಗಿನ ಸಿಪ್ಪೆ ಕೊಡವಿ, ತಮ್ಮ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಒಳಗೆ ಹೋಗುತ್ತ ಯಾರಿಗೋ ಎಂಬಂತೆ ಅಂದರು:

“ನಂದು ಹನ್ನೆರಡು ವರ್ಷದಿಂದ ಹಂಗ ಐತಿ. ಈ ಓಣ್ಯಾಗ ಒಬ್ಬಾಕಿಗರ ಒಂದಿನರ ಸಂಶೇ ಬರಲಿಲ್ಲ ನೋಡು.”